ಎಳೆಯ ಬರಹಗಾರರೂ ಅಚ್ಚಿನ ಮನೆಯ ದಾರಿಯೂ

ನಮ್ಮ ಕಛೇರಿಗೆ ದಿನವಹಿ ಬರುವ ಕಾಗದಗಳಲ್ಲಿ ಸಂಘ ಸಂಸ್ಥೆಗಳ ವರದಿಗಳುಂಟು, ಚಂದಾದಾರರ ದೂರುಗಳುಂಟು, ಮದುವೆ ಮುಂಜಿಗಳ ಪ್ರಕಟಣೆಗಳುಂಟು. ಇವುಗಳ ನಡುವೆ ಆಗಾಗ ಬೇರೊಂದು ಬಗೆಯ ಪತ್ರಗಳು ಬರುತ್ತವೆ. ಬರೆದವರು ಹದಿನಾಲ್ಕರಿಂದ ಹತ್ತೊಂಬತ್ತರೊಳಗಿನ ವಯಸ್ಸಿನವರು. ಒಬ್ಬನು ಊರಿನಲ್ಲಿ ಓದು ಮುಗಿಸಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ಮಾಣಿಯಾಗಿರುವವನು. ಒಬ್ಬಳು ಗುಮಾಸ್ತರ ಮಗಳು. ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಮರಾಠಿ ಕಲಿತು, ಮನೆಯಲ್ಲಿ ಅಜ್ಜಿಯ ಬಳಿ ಕನ್ನಡದ ಅಕ್ಷರಗಳನ್ನು ತಿದ್ದಿದವಳು. ಇವರೆಲ್ಲರ ಪ್ರಶ್ನೆ ಒಂದೇ: "ಒಂದು ಪುಸ್ತಕವಾಗುವಷ್ಟು ಬರೆದಿದ್ದೇನೆ. ಅಚ್ಚು ಹಾಕಿಸುವುದು ಹೇಗೆ? ಎಷ್ಟು ಖರ್ಚು ತಗಲುತ್ತದೆ?"

ಈ ಪ್ರಶ್ನೆಯ ಮೊದಲ ಭಾಗ ನಮಗೆ ಸಂತೋಷವನ್ನು ತರುತ್ತದೆ. ಪರನಾಡಿನಲ್ಲಿ ಹುಟ್ಟಿಯೋ ಬೆಳೆದೋ ಕನ್ನಡದಲ್ಲಿ ಬರೆಯಬೇಕೆಂಬ ಹಂಬಲ ಒಂದು ಎಳೆಯ ಜೀವಕ್ಕೆ ಬಂದಿತೆಂದರೆ ಅದಕ್ಕಿಂತ ಶುಭವಾರ್ತೆ ಬೇರಿಲ್ಲ. ಎರಡನೆಯ ಭಾಗ ಮಾತ್ರ ನಮ್ಮನ್ನು ಚಿಂತೆಗೀಡುಮಾಡುತ್ತದೆ. "ಎಷ್ಟು ಖರ್ಚು" ಎಂದು ಕೇಳುವ ಹುಡುಗನಿಗೆ ಬರೆಯುವವನೇ ಹಣ ಕೊಡಬೇಕೆಂದು ಯಾರೋ ಆಗಲೇ ನಂಬಿಸಿಬಿಟ್ಟಿದ್ದಾರೆ. ನಾವು ಹೆಚ್ಚು ಓದಿದವರಲ್ಲ, ಎಸ್.ಎಸ್.ಎಲ್.ಸಿ.ಯ ಬಳಿಕ ಗಲ್ಲಾಪೆಟ್ಟಿಗೆಯೇ ನಮಗೆ ವಿದ್ಯಾಪೀಠವಾಗಿತ್ತು. ಆ ವಿದ್ಯಾಪೀಠದಲ್ಲಿ ಕಲಿತ ಪಾಠವೊಂದನ್ನು ಇಲ್ಲಿ ಹೇಳಬಹುದು. ಅಡಿಗೆಯ ಭಟ್ಟರು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಡಿಗೆ ಮಾಡಿ, ಗಿರಾಕಿಗೆ ಬಡಿಸಿ, ಕೊನೆಗೆ ಬಿಲ್ಲನ್ನೂ ತಾವೇ ತೆರುವ ಪದ್ಧತಿ ಯಾವ ಹೋಟೆಲಿನಲ್ಲಿದೆ? ಬರವಣಿಗೆಯ ವ್ಯಾಪಾರದಲ್ಲಿಯೂ ಹಾಗೆಯೇ. ಅಚ್ಚಿನ ಖರ್ಚು ಅಚ್ಚು ಹಾಕುವವರದು; ಬರೆದವನದು ಬರೆದ ಶ್ರಮ. ಈ ಒಂದು ಮಾತನ್ನು ನಮ್ಮ ತರುಣ ಮಿತ್ರರು ಮನಸ್ಸಿನಲ್ಲಿಟ್ಟುಕೊಂಡರೆ ಈ ಲೇಖನದ ಅರ್ಧ ಕೆಲಸ ಆದಂತೆ.

ವಯಸ್ಸು ಅಡ್ಡಿಯಲ್ಲ

ಚಿಕ್ಕವರ ಬರಹವನ್ನು ಯಾರು ಮುದ್ರಿಸುತ್ತಾರೆ ಎಂಬ ಅಳುಕು ಹಲವರಲ್ಲಿದೆ. ಆದರೆ ಸಂಪಾದಕರ ಮೇಜಿನ ಮೇಲೆ ಬರುವುದು ಬರಹವೇ ಹೊರತು ಬರೆದವನ ಜಾತಕವಲ್ಲ. 1904ರಲ್ಲಿ ಹುಟ್ಟಿದ ಕುವೆಂಪು ಅವರ ಮೊದಲ ಕವನ ಸಂಗ್ರಹ 'ಬಿಗಿನರ್ಸ್ ಮ್ಯೂಸ್' ಅಚ್ಚಾದುದು 1922ರಲ್ಲಿ. ಅದು ಇಂಗ್ಲಿಷಿನಲ್ಲಿತ್ತೆಂಬುದೂ, ಆ ಮೇಲೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ತಾಯ್ನುಡಿಯಲ್ಲಿ ಬರೆಯೆಂದು ಆ ತರುಣನಿಗೆ ಬುದ್ಧಿ ಹೇಳಿದರೆಂಬುದೂ ಕನ್ನಡಿಗರೆಲ್ಲ ಬಲ್ಲ ಸಂಗತಿ. ಮುಂಬಯಿಯ ನಮಗೆ ಇನ್ನೂ ಹತ್ತಿರದ ನಿದರ್ಶನ ಜಯಂತ ಕಾಯ್ಕಿಣಿಯವರದು. 1955ರಲ್ಲಿ ಗೋಕರ್ಣದಲ್ಲಿ ಹುಟ್ಟಿದ ಅವರ ಮೊದಲ ಕವನ ಸಂಕಲನ 'ರಂಗದಿಂದೊಂದಿಷ್ಟು ದೂರ' 1974ರಲ್ಲಿ ಬಂದಿತು. ಅದಕ್ಕೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನವೂ ದೊರೆಯಿತು. ಆಗ ಅವರಿಗೆ ಹತ್ತೊಂಬತ್ತು. ಮುಂದೆ ಅವರು ಇದೇ ಮುಂಬಯಿಯಲ್ಲಿ ಜೀವರಸಾಯನ ಶಾಸ್ತ್ರಜ್ಞರಾಗಿ ದುಡಿಯುತ್ತ ಕಥೆಗಳನ್ನು ಬರೆದರು. ಮುಂಬಯಿಯ ಸಾಮಾನ್ಯ ಜನರ ಆ ಕಥೆಗಳು ಇಂಗ್ಲಿಷಿಗೆ ಹೋಗಿ 2018ನೆಯ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿ.ಎಸ್.ಸಿ. ಪ್ರಶಸ್ತಿಯನ್ನು ಗಳಿಸಿದವು.

ಇಂತಹ ಉದಾಹರಣೆಗಳನ್ನು ಕೇಳಿ ಆತುರಪಡಲೂ ಬೇಕಾಗಿಲ್ಲ. ಎಂ. ಕೆ. ಇಂದಿರಾ ಅವರು ಹುಟ್ಟಿದುದು 1917ರಲ್ಲಿ, ಅವರ 'ತುಂಗಭದ್ರ' ಕಾದಂಬರಿ ಬೆಳಕು ಕಂಡುದು 1963ರಲ್ಲಿ. ಹತ್ತೊಂಬತ್ತಕ್ಕೆ ಬಂದರೂ ಸರಿ, ನಲವತ್ತಾರಕ್ಕೆ ಬಂದರೂ ಸರಿ, ಬರಹ ಹದವಾಗಿ ಬೆಂದಿರಬೇಕು, ಅಷ್ಟೆ.

ಒಂದೊಂದೇ ಮೆಟ್ಟಿಲು

"ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ" ಎಂಬ ಗಾದೆ ನಮ್ಮಲ್ಲಿದೆ. ಒಂದು ಬಿಡಿ ಬರಹವೂ ಎಲ್ಲಿಯೂ ಅಚ್ಚಾಗದ ಮುಂಚೆ ಪುಸ್ತಕದ ಯೋಚನೆ ಮಾಡುವುದು ಹಾಗೆಯೇ. ಪುಸ್ತಕವು ಕೊನೆಯ ಮೆಟ್ಟಿಲು. ಅದರ ಕೆಳಗೆ ಹಲವು ಮೆಟ್ಟಿಲುಗಳಿವೆ.

ಮೊದಲನೆಯದು ಕೈಬರಹದ ಪತ್ರಿಕೆ. ನಾಲ್ಕೈದು ಮಂದಿ ಗೆಳೆಯರು ಸೇರಿ ತಿಂಗಳಿಗೊಮ್ಮೆ ಹಾಳೆಗಳನ್ನು ಹೊಲಿದು, ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಕನ್ನಡ ನಾಡಿನ ಶಾಲೆಗಳಲ್ಲಿ ಬಹುಕಾಲದಿಂದ ಇದ್ದುದು. ಇದಕ್ಕೆ ಮುದ್ರಣಾಲಯವೂ ಬೇಡ, ಹಣವೂ ಬೇಡ. ಓದಿದವರು ಮುಖದ ಮೇಲೆಯೇ ಹೇಳುವ ಮಾತು ಎಳೆಯ ಬರಹಗಾರನಿಗೆ ಸಿಗುವ ಮೊದಲ ವಿಮರ್ಶೆ.

ಎರಡನೆಯದು ಶಾಲಾ ಕಾಲೇಜುಗಳ ವಾರ್ಷಿಕ ಸಂಚಿಕೆ ಮತ್ತು ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೋ ವಾರ್ಷಿಕೋತ್ಸವಕ್ಕೋ ತರುವ ಸ್ಮರಣ ಸಂಚಿಕೆ. ಜಾಹೀರಾತುಗಳಿಂದಲೇ ತುಂಬಿರುವ ಈ ಸಂಚಿಕೆಗಳಿಗೆ ಒಳ್ಳೆಯ ಬರಹ ಬೇಕಾಗಿಯೇ ಇರುತ್ತದೆ. ಕಾರ್ಯದರ್ಶಿಗಳನ್ನು ಒಮ್ಮೆ ಕೇಳಿದರೆ ಸಾಕು.

ಮೂರನೆಯದು ದಿನಪತ್ರಿಕೆಯ ವಾಚಕರ ಪತ್ರಗಳ ಅಂಕಣ. ಇದನ್ನು ಹಗುರವಾಗಿ ಎಣಿಸಕೂಡದು. ನೂರೈವತ್ತು ಪದಗಳಲ್ಲಿ ಒಂದು ವಿಷಯವನ್ನು ಆರಂಭಿಸಿ, ಹೇಳಿ, ಮುಗಿಸುವುದನ್ನು ಕಲಿತವನು ಮುಂದೆ ಸಾವಿರ ಪದಗಳ ಲೇಖನಕ್ಕೂ ಹೆದರುವುದಿಲ್ಲ. ನಿಮ್ಮ ಬೀದಿಯ ನೀರಿನ ತೊಂದರೆ, ಊರಿಗೆ ಹೋಗುವ ರೈಲಿನ ಟಿಕೆಟಿನ ಪರದಾಟ, ಮುಚ್ಚಿಹೋದ ಕನ್ನಡ ಶಾಲೆ, ಇವೆಲ್ಲ ಪತ್ರಕ್ಕೆ ತಕ್ಕ ವಿಷಯಗಳೇ.

ನಾಲ್ಕನೆಯದು ದಿನಪತ್ರಿಕೆಗಳ ವಾರದ ಪುರವಣಿ ಮತ್ತು ವಾರ, ಮಾಸಪತ್ರಿಕೆಗಳು. ತಲೆಮಾರುಗಳನ್ನು ಓದಿಸಿದ ಕನ್ನಡ 'ಚಂದಮಾಮ' 1949ರಲ್ಲಿ ಹೊರಟು ಈಗ ನಿಂತುಹೋಗಿದೆ. ಆದರೆ 1965ರಲ್ಲಿ ಆರಂಭವಾದ 'ಸುಧಾ', 1968ರ 'ಮಯೂರ', 1983ರ 'ತರಂಗ' ಇವು ಹೊಸಬರಿಗೂ ತೆರೆದಿರುವ ಬಾಗಿಲುಗಳು. 'ಪ್ರಜಾವಾಣಿ' ಪತ್ರಿಕೆಯು ದಶಕಗಳಿಂದ ನಡೆಸಿಕೊಂಡು ಬಂದಿರುವ ದೀಪಾವಳಿಯ ಕಥಾಸ್ಪರ್ಧೆಯಲ್ಲಿ ಹೆಸರೇ ಕೇಳದವರು ಬಹುಮಾನ ಪಡೆದು ಬೆಳಕಿಗೆ ಬಂದದ್ದುಂಟು. ಹಬ್ಬದ ಸಂಚಿಕೆಗಳ ಸಿದ್ಧತೆ ಹಬ್ಬಕ್ಕೆ ಕೆಲವು ತಿಂಗಳ ಮೊದಲೇ ಆರಂಭವಾಗುತ್ತದೆಂಬುದನ್ನು ಮಾತ್ರ ಮರೆಯಬಾರದು. ಚೌತಿಯ ದಿನ ಕಡುಬಿನ ಅಕ್ಕಿ ನೆನೆಹಾಕಿದರೆ ಚೌತಿಗೆ ಕಡುಬು ಆಗುವುದಿಲ್ಲ.

ಏನನ್ನು ಬರೆಯಬೇಕು?

ಪತ್ರಿಕೆಗಳಿಗೆ ಕವನದ ಬರಗಾಲ ಎಂದೂ ಬಂದದ್ದಿಲ್ಲ. ಚಂದ್ರ, ಮಳೆ, ವಿರಹ, ತಾಯಿ ಎಂಬ ತಲೆಬರಹಗಳ ಪದ್ಯಗಳು ರಾಶಿ ರಾಶಿಯಾಗಿ ಬರುತ್ತವೆ. ಆದರೆ ಹೋಟೆಲಿನ ಅಡಿಗೆಮನೆಯ ರಾತ್ರಿ ಹನ್ನೊಂದು ಗಂಟೆ ಹೇಗಿರುತ್ತದೆ, ಕೊನೆಯ ಗಿರಾಕಿ ಎದ್ದ ಮೇಲೆ ಮೇಜು ಒರೆಸುವ ಹುಡುಗರು ಏನು ಮಾತಾಡುತ್ತಾರೆ, ಲೋಕಲ್ ಗಾಡಿಯಲ್ಲಿ ನಿಂತೇ ನಿದ್ರಿಸುವ ಗುಮಾಸ್ತನ ಕೈಚೀಲದಲ್ಲಿ ಏನಿರುತ್ತದೆ ಎಂಬುದನ್ನು ಬರೆದು ಕಳುಹಿಸುವವರು ಅಪರೂಪ. ಬೆಂಗಳೂರಿನ ಸಂಪಾದಕರಿಗೆ ಅದು ತಿಳಿಯದ ಲೋಕ. ನಿಮಗೆ ಅದು ಅಂಗೈಯ ರೇಖೆ. ತಿಳಿದುದನ್ನು ಬರೆದವನ ಬರಹಕ್ಕೆ ಬೆಲೆ ಹೆಚ್ಚು.

ಭಾಷೆ ಶುದ್ಧವಿಲ್ಲವೆಂದು ನಾಚಿಕೊಂಡು ಸುಮ್ಮನಿರುವವರೂ ಇದ್ದಾರೆ. ಪರನಾಡಿನ ಶಾಲೆಯಲ್ಲಿ ಓದಿದವರಿಗೆ ಲಕಾರ ಳಕಾರಗಳೂ, ಅಕಾರ ಹಕಾರಗಳೂ ತಪ್ಪುವುದು ಸಹಜ. ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟನ್ನು ಬಳಿಯಲ್ಲಿಟ್ಟುಕೊಂಡು, ಬರೆದುದನ್ನು ಗಟ್ಟಿಯಾಗಿ ಓದಿ, ಕನ್ನಡ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದರೆ ಮುಕ್ಕಾಲು ಪಾಲು ತಪ್ಪುಗಳು ಕಳೆಯುತ್ತವೆ. ಮಿಕ್ಕುದನ್ನು ತಿದ್ದುವುದಕ್ಕೆಂದೇ ಪತ್ರಿಕೆಯಲ್ಲಿ ಉಪಸಂಪಾದಕರಿರುತ್ತಾರೆ.

ಹಸ್ತಪ್ರತಿಯ ಕ್ರಮ

ಹೋಟೆಲಿನಲ್ಲಿ ಒಳ್ಳೆಯ ತಿಂಡಿಯನ್ನು ಕೊಳೆ ತಟ್ಟೆಯಲ್ಲಿ ತಂದಿಟ್ಟರೆ ಗಿರಾಕಿ ಮುಟ್ಟುವುದಿಲ್ಲ. ಹಸ್ತಪ್ರತಿಯ ವಿಷಯವೂ ಅಷ್ಟೆ. ಕೈಯಲ್ಲಿ ಬರೆಯುವುದಾದರೆ ಹಾಳೆಯ ಒಂದೇ ಮಗ್ಗುಲಲ್ಲಿ, ಎಡಗಡೆ ಅಂಚು ಬಿಟ್ಟು, ಸಾಲುಗಳ ನಡುವೆ ತಿದ್ದಲು ಸ್ಥಳವಿರುವಂತೆ ಬರೆಯಬೇಕು. ಪುಟಗಳಿಗೆ ಸಂಖ್ಯೆ ಹಾಕಬೇಕು. ಕೊನೆಯಲ್ಲಿ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಸ್ಪಷ್ಟವಾಗಿರಬೇಕು. ಕಾವ್ಯನಾಮವಿದ್ದರೂ ನಿಜವಾದ ಹೆಸರು ಸಂಪಾದಕರಿಗೆ ತಿಳಿದಿರಬೇಕು. ಮುಖ್ಯವಾಗಿ ಒಂದು ಪ್ರತಿಯನ್ನು ತನ್ನಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಪ್ರಕಟವಾಗದ ಬರಹಗಳನ್ನು ಹಿಂದಿರುಗಿಸುವ ಪದ್ಧತಿ ಈಗ ಬಹುಮಟ್ಟಿಗೆ ಇಲ್ಲ.

ಇಮೇಲಿನಲ್ಲಿ ಕಳುಹಿಸುವವರು ಯೂನಿಕೋಡ್ ಅಕ್ಷರಗಳಲ್ಲಿ ಬೆರಳಚ್ಚು ಮಾಡಿ ಕಳುಹಿಸುವುದು ಉತ್ತಮ. ಬೇರೆ ಅಕ್ಷರಗಳಾದರೆ ಒಂದು ಗಣಕಯಂತ್ರದಲ್ಲಿ ಕನ್ನಡವಾಗಿ ಕಾಣುವುದು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗುವುದುಂಟು. ಹಾಳೆಯ ಫೋಟೋ ತೆಗೆದು ಮೊಬೈಲಿನಿಂದ ಕಳುಹಿಸಿದರೆ ಅದನ್ನು ಓದುವ ಸಹನೆ ಎಲ್ಲ ಸಂಪಾದಕರಿಗೂ ಇರುವುದಿಲ್ಲ. ಒಂದೇ ಬರಹವನ್ನು ಒಂದೇ ಕಾಲಕ್ಕೆ ನಾಲ್ಕು ಪತ್ರಿಕೆಗಳಿಗೆ ಕಳುಹಿಸಕೂಡದು. ಎರಡರಲ್ಲಿ ಅಚ್ಚಾದರೆ ಇಬ್ಬರು ಸಂಪಾದಕರ ವಿಶ್ವಾಸವೂ ಹೋದಂತೆ. ಇನ್ನೊಂದು ಎಚ್ಚರಿಕೆ: ಪತ್ರಿಕೆಗಳೂ ಸ್ಪರ್ಧೆಗಳೂ ಸಾಮಾನ್ಯವಾಗಿ ಎಲ್ಲಿಯೂ ಪ್ರಕಟವಾಗದ ಬರಹವನ್ನೇ ಕೇಳುತ್ತವೆ. ಬರೆದ ಸಂಜೆಯೇ ಅದನ್ನು ಫೇಸ್‌ಬುಕ್ಕಿಗೆ ಹಾಕಿದರೆ ಅದು ಪ್ರಕಟವಾದುದೆಂದೇ ಅವರು ಎಣಿಸಬಹುದು.

ಉತ್ತರ ಬಾರದಿದ್ದರೆ

ಕಳುಹಿಸಿದ ಬರಹ ಎರಡು ಮೂರು ತಿಂಗಳಾದರೂ ಕಾಣಿಸದಿದ್ದರೆ ಒಂದು ವಿನಯದ ಪತ್ರ ಬರೆದು ವಿಚಾರಿಸಬಹುದು. ಆಗಲೂ ಉತ್ತರ ಬಾರದಿದ್ದರೆ ಆ ಬರಹವನ್ನು ಮತ್ತೊಮ್ಮೆ ಓದಿ, ತಿದ್ದಿ, ಬೇರೆ ಪತ್ರಿಕೆಗೆ ಕಳುಹಿಸಬೇಕು. ಕಾವಲಿಯ ಮೇಲೆ ಹೊಯ್ದ ಮೊದಲ ದೋಸೆ ಸರಿಯಾಗಿ ಏಳುವುದಿಲ್ಲವೆಂದು ಯಾವ ಭಟ್ಟರೂ ಒಲೆ ಆರಿಸುವುದಿಲ್ಲ. ಬರಹ ತಿರಸ್ಕೃತವಾದುದಕ್ಕೆ ಕಾರಣಗಳು ಹಲವು: ಸ್ಥಳವಿಲ್ಲದಿರಬಹುದು, ಅದೇ ವಿಷಯದ ಬರಹ ಹಿಂದಿನ ವಾರವೇ ಬಂದಿರಬಹುದು, ಬರಹವೇ ಇನ್ನೂ ಪಕ್ವವಾಗದಿರಬಹುದು. ಇವುಗಳಲ್ಲಿ ಮೂರನೆಯದೊಂದೇ ಬರೆಯುವವನ ಕೈಯಲ್ಲಿರುವುದು. ಆ ಒಂದರ ಕಡೆಗೆ ಗಮನ ಕೊಟ್ಟರೆ ಸಾಕು.

ಹಣ ಕೇಳುವವರು

ಇಲ್ಲಿ ಸ್ವಲ್ಪ ಕಟುವಾಗಿಯೇ ಬರೆಯಬೇಕಾಗಿದೆ. ಉತ್ತರ ಬಾರದೆ ಬೇಸತ್ತ ಎಳೆಯರನ್ನು ಹುಡುಕಿಕೊಂಡು ಬರುವ ಒಂದು ವರ್ಗವೇ ಇದೆ. "ನಿಮ್ಮ ಕವನ ಅದ್ಭುತವಾಗಿದೆ, ನಮ್ಮ ಸಂಕಲನಕ್ಕೆ ಆರಿಸಿದ್ದೇವೆ, ಪುಟಕ್ಕೆ ಇಷ್ಟು ಹಣ ಕಳುಹಿಸಿರಿ" ಎಂದು ಇವರು ಬರೆಯುತ್ತಾರೆ. ಹಣ ಕಳುಹಿಸಿದರೆ ಒಂದು ಪ್ರಶಸ್ತಿಪತ್ರವೂ ಬರುತ್ತದೆ. ಇನ್ನು ಕೆಲವರು ಪೂರ್ತಿ ಪುಸ್ತಕವನ್ನೇ ತರುತ್ತೇವೆಂದು ಹೇಳಿ ಅಚ್ಚಿಗೆ ಇಷ್ಟು, ಮುಖಪುಟಕ್ಕೆ ಇಷ್ಟು, ಬಿಡುಗಡೆಯ ಸಮಾರಂಭಕ್ಕೆ ಇಷ್ಟು ಎಂದು ಪಟ್ಟಿ ಹಾಕುತ್ತಾರೆ.

ನಮಗೆ ತಿಳಿದ ಒಬ್ಬ ಹುಡುಗನು ಹೀಗೆಯೇ ಎರಡು ತಿಂಗಳ ಸಂಬಳವನ್ನು ಸುರಿದನು. ಊರಿನಲ್ಲಿ ತಂಗಿಯ ಶಾಲೆಯ ಖರ್ಚಿಗೆಂದು ಇಟ್ಟಿದ್ದ ಹಣವದು. ಪುಸ್ತಕವೇನೋ ಬಂದಿತು, ಪುಟಪುಟದಲ್ಲಿಯೂ ಅಚ್ಚಿನ ತಪ್ಪು. ಅಂಗಡಿಗಳಿಗೆ ಹೋಗಲಿಲ್ಲ, ಪತ್ರಿಕೆಗಳಿಗೆ ವಿಮರ್ಶೆಗೂ ಹೋಗಲಿಲ್ಲ. ಕಟ್ಟುಗಳು ಹೋಟೆಲಿನ ಹುಡುಗರು ಮಲಗುವ ಅಟ್ಟದಲ್ಲಿಯೇ ಉಳಿದವು. ಕಳೆದ ಹಣಕ್ಕಿಂತ ಹೆಚ್ಚಾಗಿ ನಮಗೆ ನೋವಾದುದು ಅವನು ಆ ಮೇಲೆ ಬರೆಯುವುದನ್ನೇ ಬಿಟ್ಟುದು.

ಇಂತಹವರನ್ನು ಗುರುತಿಸುವುದು ಕಷ್ಟವಲ್ಲ. ಬರಹವನ್ನು ಓದುವ ಮೊದಲೇ ಹೊಗಳುವವನು, ತಿದ್ದುಪಡಿಯ ಮಾತೇ ಎತ್ತದವನು, ನಾಳೆಯೇ ಹಣ ಕಳುಹಿಸೆಂದು ಅವಸರಪಡಿಸುವವನು, ಪುಸ್ತಕ ಎಲ್ಲಿ ಮಾರಾಟವಾಗುತ್ತದೆಂದು ಕೇಳಿದರೆ ಮಾತು ಹೊರಳಿಸುವವನು, ಇವರನ್ನು ದೂರವಿಡಬೇಕು. ಐ.ಎಸ್.ಬಿ.ಎನ್. ಎಂಬ ಹದಿಮೂರು ಅಂಕಿಗಳ ಸಂಖ್ಯೆಯನ್ನು ಕೊಡಿಸುತ್ತೇವೆಂದು ಅದಕ್ಕೂ ಹಣ ಕೇಳುವವರಿದ್ದಾರೆ. ಭಾರತದಲ್ಲಿ ಆ ಸಂಖ್ಯೆಯನ್ನು ಕೇಂದ್ರ ಸರಕಾರದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯು ಉಚಿತವಾಗಿ ಕೊಡುತ್ತದೆ. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ ಮಾತ್ರ; ಯೋಗ್ಯತೆಯ ಮುದ್ರೆಯಲ್ಲ.

ಲೆಕ್ಕವೆಲ್ಲ ತಿಳಿದು, ತನ್ನ ಸಂಪಾದನೆಯ ಹಣದಿಂದ, ತಾನೇ ಮುದ್ರಣಾಲಯಕ್ಕೆ ಹೋಗಿ ಪುಸ್ತಕ ಮಾಡಿಸಿ ತಾನೇ ಮಾರುವ ಪ್ರಾಯಸ್ಥನ ಮಾತು ಬೇರೆ. ಅದು ಅವನ ವ್ಯಾಪಾರ. ಹದಿನೇಳರ ಹುಡುಗನಿಗೆ ಅದು ತಕ್ಕುದಲ್ಲ.

ಹಕ್ಕು ಮತ್ತು ಸಹಿ

ಬರೆದವನೇ ಬರಹದ ಮೊದಲ ಒಡೆಯನೆಂಬುದು 1957ರ ಕೃತಿಸ್ವಾಮ್ಯ ಶಾಸನದ ಮೂಲತತ್ವ. ಇದಕ್ಕೆ ನೋಂದಣಿ ಕಡ್ಡಾಯವಲ್ಲ; ಬರೆದೊಡನೆ ಹಕ್ಕು ಹುಟ್ಟುತ್ತದೆ. ಬರೆದವನ ಜೀವಮಾನವೆಲ್ಲ ಇದ್ದು, ಅವನ ಬಳಿಕವೂ ಅರುವತ್ತು ವರ್ಷ ಅದು ಉಳಿಯುತ್ತದೆ. ಈ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಅದು ಬರಹದಲ್ಲಿರಬೇಕು, ಸಹಿಯಿರಬೇಕು. ಎಷ್ಟು ಕಾಲಕ್ಕೆ ಎಂದು ಕರಾರಿನಲ್ಲಿ ಹೇಳದಿದ್ದರೆ ಐದು ವರ್ಷವೆಂದು ಕಾನೂನು ಎಣಿಸುತ್ತದೆ. ಆದುದರಿಂದ "ಸರ್ವಹಕ್ಕುಗಳನ್ನು ಶಾಶ್ವತವಾಗಿ ಕೊಟ್ಟಿದ್ದೇನೆ" ಎಂಬಂತಹ ವಾಕ್ಯವಿರುವ ಕಾಗದಕ್ಕೆ ಯೋಚಿಸದೆ ಸಹಿ ಹಾಕಕೂಡದು.

ಹದಿನೆಂಟು ವರ್ಷ ತುಂಬದವರಿಗೆ ಇನ್ನೂ ಒಂದು ಮಾತು. 1872ರ ಕರಾರು ಶಾಸನದಂತೆ ಅಪ್ರಾಪ್ತ ವಯಸ್ಕರಿಗೆ ಕರಾರು ಮಾಡಿಕೊಳ್ಳುವ ಅಧಿಕಾರವಿಲ್ಲ. ಆದುದರಿಂದ ಪ್ರಕಾಶಕರೊಡನೆ ಏನೇ ಒಪ್ಪಂದವಾದರೂ ತಂದೆತಾಯಿಯರೋ ಪೋಷಕರೋ ಓದಿ, ಅವರೇ ಸಹಿ ಮಾಡಬೇಕು. ಮನೆಯವರಿಗೆ ಹೇಳಬೇಡವೆನ್ನುವ ಪ್ರಕಾಶಕನು ಪ್ರಕಾಶಕನೇ ಅಲ್ಲ.

ಪುಸ್ತಕದ ಕಾಲ ಬಂದಾಗ

ಹತ್ತಿಪ್ಪತ್ತು ಬರಹಗಳು ಬೇರೆ ಬೇರೆ ಪತ್ರಿಕೆಗಳಲ್ಲಿ ಬಂದ ಮೇಲೆ ಪುಸ್ತಕದ ಮಾತು ತಾನಾಗಿಯೇ ಬರುತ್ತದೆ. ಪ್ರಕಾಶಕನೂ ನಮ್ಮಂತೆಯೇ ವ್ಯಾಪಾರಸ್ಥ. ಕೈಯಿಂದ ಬಂಡವಾಳ ಹಾಕುವವನು. ಪತ್ರಿಕೆಗಳಲ್ಲಿ ಓದುಗರು ಮೆಚ್ಚಿದ್ದಾರೆಂಬುದು ಅವನಿಗೆ ಕಾಣುವ ಭರವಸೆ. ಆಗ ಸರಕಾರದ ನೆರವಿನ ದಾರಿಗಳೂ ತೆರೆದಿವೆ. ಬೆಂಗಳೂರಿನ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯನ್ನು ನಡೆಸಿಕೊಂಡು ಬಂದಿದೆ. ವಯಸ್ಸು, ವಾಸಸ್ಥಳಗಳ ನಿಯಮಗಳನ್ನು ಅದರ ಪ್ರಕಟಣೆಯಲ್ಲಿ ಓದಿ ತಿಳಿಯಬೇಕು. ಕೇಂದ್ರ ಸರಕಾರವು 2021ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿನ ಮೂಲಕ ಮೂವತ್ತು ವರ್ಷದೊಳಗಿನ ಲೇಖಕರಿಗಾಗಿ ಆರಂಭಿಸಿದ ಪಿ.ಎಂ. ಯುವ ಯೋಜನೆಯ ಮೊದಲ ಆವೃತ್ತಿಯಲ್ಲಿ ದೇಶದ 75 ಮಂದಿಯನ್ನು ಆರಿಸಿ, ಆರು ತಿಂಗಳ ಕಾಲ ತಿಂಗಳಿಗೆ 50,000 ರೂಪಾಯಿಯಂತೆ ಕೊಡುವ ಏರ್ಪಾಡಿತ್ತು. ಕನ್ನಡವೂ ಆ ಯೋಜನೆಯ ಭಾಷೆಗಳಲ್ಲಿ ಒಂದು. ಇಲ್ಲಿ ಗಮನಿಸಬೇಕಾದುದು ಹಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆಂಬುದನ್ನು. ನಿಜವಾದ ಪ್ರೋತ್ಸಾಹವು ಬರಹಗಾರನಿಗೆ ಕೊಡುತ್ತದೆ, ಅವನಿಂದ ತೆಗೆದುಕೊಳ್ಳುವುದಿಲ್ಲ.

ಹಿರಿಯರಲ್ಲಿ ಬಿನ್ನಹ

ಕೊನೆಯದಾಗಿ ನಮ್ಮ ಹೋಟೆಲ್ ಮಾಲಕ ಬಂಧುಗಳಲ್ಲಿಯೂ, ಮಕ್ಕಳ ತಂದೆತಾಯಿಗಳಲ್ಲಿಯೂ ಒಂದು ಬಿನ್ನಹ. ಬರೆಯುವ ಹುಡುಗನಿಗೆ ಬೇಕಾದುದು ಮೂರೇ ವಸ್ತುಗಳು: ದಿನಕ್ಕೊಂದು ಗಂಟೆ, ಒಂದು ದೀಪ, ಓದಲು ನಾಲ್ಕು ಪುಸ್ತಕ. ರಾತ್ರಿ ಬಾಗಿಲು ಹಾಕಿದ ಮೇಲೆ ಮೂಲೆಯ ಮೇಜಿನಲ್ಲಿ ಕುಳಿತು ಅವನು ಏನನ್ನೋ ಗೀಚುತ್ತಿದ್ದರೆ ದೀಪ ಆರಿಸೆಂದು ಗದರಿಸದಿರಿ. ಗಲ್ಲಾದ ಮೇಲೆ ಬಂದು ಬೀಳುವ ಕನ್ನಡ ಪತ್ರಿಕೆ ಗಿರಾಕಿಗಳ ಕೈಯಿಂದ ಬಿಡುವಾದ ಮೇಲೆ ಹುಡುಗರ ಕೈಗೂ ಹೋಗಲಿ. ಮಗಳು ಕನ್ನಡದಲ್ಲಿ ಬರೆದರೆ ಪರೀಕ್ಷೆಗೆ ಉಪಯೋಗವೇನೆಂದು ಕೇಳದಿರಿ. ಯಶವಂತ ಚಿತ್ತಾಲರೂ ವ್ಯಾಸರಾಯ ಬಲ್ಲಾಳರೂ ಇದೇ ಮುಂಬಯಿಯಲ್ಲಿ ಕಂಪೆನಿಯ ಕೆಲಸ ಮಾಡುತ್ತಲೇ ಬರೆದವರು. ಒಬ್ಬರ 'ಶಿಕಾರಿ' 1979ರಲ್ಲಿ ಬಂದಿತು; ಇನ್ನೊಬ್ಬರ 'ಬಂಡಾಯ'ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬರವಣಿಗೆಯಿಂದ ಅವರ ಉದ್ಯೋಗ ಕೆಡಲಿಲ್ಲ; ಉದ್ಯೋಗದಿಂದ ಬರವಣಿಗೆಯೂ ಕೆಡಲಿಲ್ಲ.

ಈ ನಗರದಲ್ಲಿ ಕನ್ನಡ ಶಾಲೆಗಳ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ಪತ್ರಿಕೆಗಳಿಗೆ ಬರೆಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಆ ಹದಿನೈದು ಹದಿನಾರು ವರ್ಷದವರ ನೋಟುಬುಕ್ಕುಗಳಲ್ಲಿಯೇ ಇದೆ. ತರುಣ ಮಿತ್ರರೇ, ಹಣವನ್ನು ಮನೆಗೆ ಕಳುಹಿಸಿರಿ, ಬರಹವನ್ನು ಪತ್ರಿಕೆಗಳಿಗೆ ಕಳುಹಿಸಿರಿ. ನೀವು ಕಂಡುದನ್ನು ಮುನ್ನೂರು ಪದಗಳಿಗೆ ಮೀರದಂತೆ ಬರೆದು ನಮಗೂ ಕಳುಹಿಸಬಹುದು. ಓದದೆ ಬದಿಗಿಡುವುದಿಲ್ಲವೆಂದು ಭರವಸೆ ಕೊಡುತ್ತೇವೆ. ಮೆಚ್ಚಿಕೆಯಾದರೆ ಅಚ್ಚು ಹಾಕುತ್ತೇವೆ. ಮೆಚ್ಚಿಕೆಯಾಗದಿದ್ದರೆ ಏಕೆಂಬುದನ್ನು ಎರಡು ಸಾಲಿನಲ್ಲಿ ತಿಳಿಸುತ್ತೇವೆ.